ಮಂಕು ದಾಸವಾಳದ ಒಂದು ಕಡ್ಡಿ

ಜನವರಿ 9

ನಾದಿನಿಗೆ,

ನಿನ್ನ ಕಾಗದ ಬಂತು. ಹೇಗಿದ್ದೀರಿ ಅಂತ ಕೂಡ ಕೇಳದೆ ನೇರ ವಿಷಯಕ್ಕೆ ಬಂದಿದ್ದೀಯ. ನಾನೂ ಹಾಗೆಯೇ ಬರುತ್ತೇನೆ. ಕಡ್ಡಿ ಕೊಡುವುದಿಲ್ಲ.

ಫೋನ್ ಯಾಕೆ ಎತ್ತುವುದಿಲ್ಲ ಅಂತ ಕೇಳಿದ್ದೀಯ. ನಿನ್ನ ದನಿ ಕಿವಿಗೆ ಬಿದ್ದರೆ ನನ್ನ ಕೈ ನಡುಗುತ್ತದೆ. ದರ್ಜಿಯ ಕೈ ನಡುಗಿದರೆ ಹಾಳಾಗುವುದು ಯಾರದೋ ಬಟ್ಟೆ. ಏನಿದ್ದರೂ ಕಾಗದದಲ್ಲಿ ಬರೆ, ನಿಧಾನವಾಗಿ ಬೈದುಕೊಳ್ಳೋಣ.

ನಿನ್ನ ಅಣ್ಣ ಹೋಗಿ ಎರಡು ತಿಂಗಳಾಯಿತು. ಅವರನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಮನೆ ತುಂಬ ಜನ ಕೂತಿದ್ದರು. ನೀನು ಒಳಗೆ ಬಂದವಳು ನನ್ನ ಮುಖ ಕೂಡ ನೋಡದೆ ಸೀದಾ ಬಾಲ್ಕನಿಗೆ ನಡೆದೆ. ಹಿಂದೆಯೇ ಬಂದು ನೋಡಿದರೆ ದಾಸವಾಳದ ಕುಂಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದೀಯ, ಕೈಯಲ್ಲಿ ಬಿಚ್ಚಿದ ಚಾಕು. "ಅತ್ತಿಗೆ, ಒಂದೇ ಒಂದು ಕಡ್ಡಿ ತಗೊಂಡು ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ" ಅಂದೆ. ಅಣ್ಣನಿಗೆ ಒಂದು ಹನಿ ಕಣ್ಣೀರು ಹಾಕದವಳು ಆ ಗಿಡಕ್ಕೆ ಒಂದು ಚೊಂಬು ನೀರು ಹಾಕಿದೆ. ನೆರೆಮನೆಯವರೆಲ್ಲ ನೋಡಿದರು.

ನಾನು ಆ ಗಿಡವನ್ನು ಸವತಿ ಅಂತ ಕರೆಯುತ್ತಿದ್ದೆ ಅಂತ ನೆನಪಿಸಿದ್ದೀಯ. ಹೌದು, ಕರೆಯುತ್ತಿದ್ದೆ. ಗಂಡ ಎದ್ದ ಕೂಡಲೇ ಅದರ ಮುಖ ನೋಡಲು ಹೋಗುತ್ತಿದ್ದರೆ ಇನ್ನೇನು ತಂಗಿ ಅಂತ ಕರೆಯಬೇಕಿತ್ತಾ? ಈಗ ಸವತಿಯೂ ನಾನೂ ಇಬ್ಬರೇ ಉಳಿದಿದ್ದೇವೆ. ನಮ್ಮ ಪಾಡು ನಮಗೆ. ನಡುವೆ ನೀನು ಬರಬೇಡ.

ನಿನ್ನ ಅಣ್ಣನ ಹೆಂಡತಿ

ಜನವರಿ 20

ಅತ್ತಿಗೆ,

ನಾನು ನರ್ಸರಿಯಲ್ಲಿ ಕೆಲಸ ಮಾಡುವವಳು. ಚಾಕು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ, ನಿಮ್ಮ ಕೊರಳಲ್ಲಿ ಟೇಪು ಇರುವ ಹಾಗೆ. ಸಾವಿನ ಮನೆಗೆಂದೇ ಮಸೆದು ತಂದೆ ಅನ್ನುವಂತೆ ಬರೆದಿದ್ದೀರಿ. ನಾನು ಎಲ್ಲಿ ಅತ್ತೆ, ಎಷ್ಟು ಅತ್ತೆ ಅನ್ನುವುದು ನಿಮ್ಮ ನೆರೆಮನೆಯವರ ಮುಂದೆ ತೆರೆದಿಡುವ ವಿಷಯವಲ್ಲ.

ಆ ದಿನ ಕುಂಡದ ಮಣ್ಣು ಇಟ್ಟಿಗೆಯಾಗಿತ್ತು. ಆಸ್ಪತ್ರೆಯ ಓಡಾಟದಲ್ಲಿ ಮರೆತಿರಿ, ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು, ಅಣ್ಣ ಗಟ್ಟಿಮುಟ್ಟಾಗಿದ್ದಾಗಲೇ, ಬಟ್ಟೆ ಒಗೆದ ಸೋಪಿನ ನೀರನ್ನು ಬಕೆಟ್ಟುಗಟ್ಟಲೆ ಅದರ ಬುಡಕ್ಕೆ ಸುರಿದದ್ದು ಮರೆವಲ್ಲ. ಅದು ಕೊಲೆ ಪ್ರಯತ್ನ. ಅಣ್ಣ ಅದನ್ನು ನನಗೆ ಹೇಳಿ ನಕ್ಕುಬಿಟ್ಟ. ನಾನು ನಗಲಿಲ್ಲ.

ಇಷ್ಟೆಲ್ಲ ಆದ ಮೇಲೂ ನಾನು ಯಾಕೆ ನಿಮ್ಮನ್ನು ಗೋಗರೆಯುತ್ತಿದ್ದೇನೆ ಅಂತ ಈ ಎರಡನೇ ಪುಟದಲ್ಲಿ ಬಿಡಿಸಿ ಬರೆಯುತ್ತೇನೆ. ಸಮಾಧಾನದಿಂದ ಓದಿ. ಹಳದಿ ದಾಸವಾಳದ ಹೂವಿಗೆ ನೇರಳೆ ದಾಸವಾಳದ ಪರಾಗವನ್ನು ಕುಂಚದಿಂದ ಸವರಿದ್ದು ನಾನು. ಕಾಯಿ ಒಡೆದ ಮೇಲೆ ಬೀಜ ಹಾಕಿ ಬೆಳೆಸಿದ್ದು ಅಣ್ಣ. ದಾಸವಾಳದ ಬೀಜ ತಾಯಿಯ ಮಾತನ್ನೂ ಕೇಳುವುದಿಲ್ಲ, ತಂದೆಯ ಮಾತನ್ನೂ ಕೇಳುವುದಿಲ್ಲ. ಒಂದೊಂದು ಸಸಿಗೆ ಒಂದೊಂದು ಹೂವು. ಉಳಿದವೆಲ್ಲ ಅರಳಿ ಬೀಗುತ್ತಿದ್ದಾಗಲೂ ಒಂದು ಸಸಿ ಮಾತ್ರ ಸುಮ್ಮನೆ ನಿಂತಿತ್ತು. ಅಣ್ಣ ಅದಕ್ಕೆ ಮಂಕು ಅಂತ ಹೆಸರಿಟ್ಟ. ಕಡೆಗೆ ಅದು ಬಿಟ್ಟ ಹೂವಿನಂಥದ್ದನ್ನು ನಮ್ಮ ನರ್ಸರಿಯ ಯಜಮಾನರೂ ನೋಡಿರಲಿಲ್ಲ. ಆದರೆ ಅದರ ಬೇರಿಗೆ ಶಕ್ತಿಯಿರಲಿಲ್ಲ, ಕೊಳೆಯತೊಡಗಿತು. ಆಗ ಅದರ ತುದಿಯನ್ನು ಕತ್ತರಿಸಿ ಮಾಮೂಲಿ ಕೆಂಪು ದಾಸವಾಳದ ಬುಡಕ್ಕೆ ಕಸಿ ಕಟ್ಟಿದೆ. ನಿಮ್ಮ ಕುಂಡದಲ್ಲಿರುವುದು ಅದೇ. ಬುಡದ ಗಂಟಿನಿಂದ ಕೆಳಗೆ ಮಾಮೂಲಿ ಕೆಂಪು, ಗಂಟಿನಿಂದ ಮೇಲೆ ಮಂಕು.

ಅಂಥ ಗಿಡ ಜಗತ್ತಿನಲ್ಲಿ ಅದೊಂದೇ ಇರುವುದು, ಅತ್ತಿಗೆ. ಅದು ಒಣಗಿದರೆ ಆ ಹೂವು ಇನ್ನಿಲ್ಲ. ಒಂದು ಕಡ್ಡಿ ಕೊಟ್ಟರೆ ಇಲ್ಲಿ ಇನ್ನೊಂದು ಬುಡಕ್ಕೆ ಕಟ್ಟಿ ಉಳಿಸಿಕೊಳ್ಳುತ್ತೇನೆ. ನಿಮ್ಮ ಗಿಡಕ್ಕೆ ಅದರಿಂದ ಉಗುರು ಕತ್ತರಿಸಿದಷ್ಟೂ ನೋವಾಗುವುದಿಲ್ಲ.

ನಿಮ್ಮ ನಾದಿನಿ

ಫೆಬ್ರವರಿ 11

ನಾದಿನಿಗೆ,

ನಿನ್ನ ಕಾಗದದ ಮೊದಲ ಪುಟ ಓದಿದೆ. ಸೋಪಿನ ನೀರಿನ ಜಾಗಕ್ಕೆ ಬಂದಾಗ ಎರಡೂ ಪುಟ ಸೇರಿಸಿ ಹರಿದು ಚಿಂದಿ ಬುಟ್ಟಿಗೆ ಹಾಕಿದೆ. ಎರಡನೆಯದರಲ್ಲಿ ಏನಿತ್ತೋ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಇನ್ನೊಂದಷ್ಟು ಬೈಗುಳ ಇದ್ದಿರಬೇಕು.

ಕೊಲೆ ಅಂದೆಯಲ್ಲ, ಇದನ್ನು ಕೇಳು. ಆಸ್ಪತ್ರೆಯಲ್ಲಿ ಅವರ ಮಾತು ನಿಲ್ಲುವ ಮೊದಲು ನನ್ನನ್ನು ಹತ್ತಿರ ಕರೆದರು. ಬಗ್ಗಿದೆ. "ಮಂಕಿಗೆ ನೀರು ಹಾಕಿದ್ಯಾ?" ಅಂದರು. ನೀನು ಊಟ ಮಾಡಿದೆಯಾ ಅಂತಲ್ಲ, ಇನ್ನು ಮುಂದೆ ಹೇಗಿರುತ್ತೀಯ ಅಂತಲ್ಲ. "ಹಾಕ್ದೆ" ಅಂತ ಸುಳ್ಳು ಹೇಳಿದೆ. ಅದಾದ ಮೇಲೆ ಅವರು ಏನೂ ಮಾತಾಡಲಿಲ್ಲ. ನೀನು ಊರಿಗೆ ಹೋದ ಮಾರನೆಯ ದಿನದಿಂದ ಎರಡು ಹೊತ್ತೂ ತಪ್ಪದೆ ನೀರು ಹಾಕುತ್ತಿದ್ದೇನೆ. ಕುಂಡದ ಕೆಳಗಿನ ತಟ್ಟೆಯನ್ನೂ ತುಂಬಿಸಿಡುತ್ತೇನೆ. ಗಿಡ ನೋಡಿಕೊಳ್ಳುವುದನ್ನು ನೀನು ನನಗೆ ಕಲಿಸಬೇಕಾಗಿಲ್ಲ.

ಆದರೂ ಮೊಗ್ಗುಗಳು ಅರಳುವ ಮೊದಲೇ ಹಳದಿಯಾಗಿ ಉದುರುತ್ತಿವೆ. ಎಲೆಯ ಅಡಿಯಲ್ಲಿ ಬಿಳಿ ಹಿಟ್ಟು ಚೆಲ್ಲಿದಂತೆ ಏನೋ ಅಂಟಿದೆ. ಯಾಕೆ ಅಂತ ಒಂದು ಸಾಲು ಬರೆ. ನಿನ್ನನ್ನು ಕೇಳಲು ಮನಸ್ಸಿರಲಿಲ್ಲ, ಕೇಳುತ್ತಿದ್ದೇನೆ.

ಅತ್ತಿಗೆ

ಫೆಬ್ರವರಿ 19

ಅತ್ತಿಗೆ,

ಯಾಕೆ ಉದುರುತ್ತಿವೆ ಅಂತ ನನಗೆ ಗೊತ್ತು. ಹೇಗೆ ನಿಲ್ಲಿಸಬೇಕು ಅಂತಲೂ ಗೊತ್ತು. ಕಡ್ಡಿ ಕಳಿಸಿ, ಹೇಳುತ್ತೇನೆ.

ಇದೇನು ವ್ಯಾಪಾರವಾ ಅಂತ ಕೇಳುತ್ತೀರಿ. ಹೌದು, ವ್ಯಾಪಾರವೇ. ಅಣ್ಣನ ಕೊನೆಯ ಮಾತು ನಿಮಗೆ ಇಷ್ಟವಾಗಲಿಲ್ಲ ಅಂತ ಕೊರಗುತ್ತಿದ್ದೀರಿ. ನನಗೆ ಸುದ್ದಿ ಮುಟ್ಟಿ ನಾನು ಓಡಿಬರುವಷ್ಟರಲ್ಲಿ ಅವನಿಗೆ ಪ್ರಜ್ಞೆಯೇ ಇರಲಿಲ್ಲ. ತಡವಾಗಿ ತಿಳಿಸಿದವರು ನೀವು.

ನಾದಿನಿ

ಮಾರ್ಚ್ 15

ನರ್ಸರಿಯ ಮಹಾರಾಣಿಯವರಿಗೆ,

ತಾವು ದೊಡ್ಡವರು, ತಮ್ಮ ವಿದ್ಯೆ ದೊಡ್ಡದು. ತಮ್ಮ ವ್ಯಾಪಾರಕ್ಕೆ ನಾನು ಗಿರಾಕಿಯಲ್ಲ. ತಮ್ಮ ಸಹಾಯವಿಲ್ಲದೆಯೂ ಈ ಬೀದಿಯಲ್ಲಿ ಗಿಡ ಬೆಳೆದಿವೆ.

ಕೆಳಮನೆಯಲ್ಲಿ ನಿವೃತ್ತ ಬಸ್ ಡ್ರೈವರ್ ಇದ್ದಾರೆ. ಅವರ ಕಿಟಕಿಯ ಮೇಲೆಯೇ ನಮ್ಮ ಬಾಲ್ಕನಿ. ಉದುರಿದ ಮೊಗ್ಗುಗಳೆಲ್ಲ ಅವರ ಟೀ ಲೋಟಕ್ಕೆ ಬೀಳುತ್ತಿದ್ದವಂತೆ, ದೂರು ಹೇಳಲು ಮೇಲೆ ಬಂದರು. ಬಂದವರು ಗಿಡವನ್ನು ಸುತ್ತಿ ನೋಡಿ, "ಸ್ವಲ್ಪ ಬ್ಯಾಟರಿ ನೀರು ಬಿಟ್ಟು ನೋಡಮ್ಮ, ನನ್ನ ಬಸ್ಸು ಅದರಲ್ಲೇ ಓಡಿದ್ದು" ಅಂದರು. ಅದನ್ನು ಹಾಕಲಿಲ್ಲ, ಅಷ್ಟು ಬುದ್ಧಿ ನನಗಿದೆ. ಟೀ ಚರಟ ಹಾಕಿದೆ. ಮೊಟ್ಟೆಯ ಸಿಪ್ಪೆ ಪುಡಿ ಮಾಡಿ ಹಾಕಿದೆ. ಎಲೆ ಇನ್ನಷ್ಟು ಹಳದಿಯಾಯಿತು. ಕೊಂಬೆಗಳು ಬಡಕಲಾಗಿ ಬಾಗಿವೆ.

ಇದನ್ನೆಲ್ಲ ತಮಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಾಳೆ ಅದು ಸತ್ತರೆ ನಾನು ಕೊಂದೆ ಅಂತ ತಾವು ಊರೆಲ್ಲ ಸಾರಬಾರದು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತವರು ಯಾರು ಅನ್ನುವುದು ಈ ಕಾಗದದಲ್ಲಿದೆ. ಅದು ಉಸಿರಾಡುತ್ತಿರುವಾಗ ಒಂದು ಮಾತು ಹೇಳಲಾಗದವರಿಗೆ ಅದರ ಕಡ್ಡಿಯಾದರೂ ಯಾಕೆ?

ಬಾಲ್ಕನಿಯ ಕೆಲಸದವಳು

ಏಪ್ರಿಲ್ 2

ಅತ್ತಿಗೆ,

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ಉತ್ತರ ಬರೆಯಬಾರದು ಅಂತ ಹಟ ಹಿಡಿದು ಕೂತಿದ್ದೆ. ನಿಮ್ಮ ಮುಖ ನೋಡಿ ಬರೆಯುತ್ತಿಲ್ಲ, ಗಿಡದ ಮುಖ ನೋಡಿ ಬರೆಯುತ್ತಿದ್ದೇನೆ.

ತಟ್ಟೆಯ ನೀರು ಚೆಲ್ಲಿ. ಮೇಲಿನ ಮಣ್ಣು ಬೆರಳಿಗೆ ಒಣಗಿದಂತೆ ಅನ್ನಿಸಿದಾಗ ಮಾತ್ರ ನೀರು ಹಾಕಿ. ಬಿಳಿ ಹಿಟ್ಟಿನಂತೆ ಕಾಣುವುದು ಹುಳು, ರಸ ಹೀರುತ್ತದೆ. ಒಂದು ಲೋಟ ನೀರಿಗೆ ಸ್ವಲ್ಪವೇ ಸೋಪು ಕದಡಿ ಎಲೆಯಡಿ ಸಿಂಪಡಿಸಿ, ಬಟ್ಟೆಯಿಂದ ಒರೆಸಿ. ಬಡಕಲು ಕೊಂಬೆಗಳನ್ನು ಕತ್ತರಿಸಿ, ಬಲವಾದದ್ದನ್ನು ಬಿಡಿ.

ಇಷ್ಟೇ. ಇದಕ್ಕಿಂತ ಹೆಚ್ಚು ಬಿಡಿಸಿ ಬರೆದರೆ ಹೇಗೂ ಹರಿದು ಹಾಕುತ್ತೀರಿ.

ನಾದಿನಿ

ಏಪ್ರಿಲ್ 14

ನಾದಿನಿಗೆ,

ಸೋಪಿನ ನೀರು ಅಂತ ಬರೆದಿದ್ದೀಯ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ನಾನು ಹಾಕಿದರೆ ಕೊಲೆ, ನೀನು ಹೇಳಿದರೆ ಔಷಧಿ. ಅಳಿಯ ಅಲ್ಲ, ಮಗಳ ಗಂಡ. ಒಂದು ದಿನವಿಡೀ ನಕ್ಕೆ. ಅವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಹೇಳಿದ್ದನ್ನೆಲ್ಲ ಮಾಡಿದೆ. ಕತ್ತರಿಸುವುದನ್ನು ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಳೆಯ ಕೊಂಬೆಗಳೆಲ್ಲ ಬಡಕಲು, ಹುಳು ತಿಂದವು. ಆದರೆ ಬುಡದಿಂದ ಹೊಸದೊಂದು ಎದ್ದಿತ್ತು. ನೆಟ್ಟಗೆ, ನನ್ನ ಸೊಂಟದೆತ್ತರ, ಎಲೆ ಹಸಿರೋ ಹಸಿರು. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬುಡದ ಗಂಟಿನವರೆಗೂ ಕತ್ತರಿಸಿದೆ. ಆ ಗಂಟು ಕೂಡ ಅಸಹ್ಯವಾಗಿ ಊದಿಕೊಂಡಿತ್ತು, ಅದನ್ನೂ ಸವರಿ ನುಣ್ಣಗೆ ಮಾಡಿದೆ. ಡ್ರೈವರ್ ನೋಡಿ, "ಈಗ ಗಿಡ ಲಕ್ಷಣವಾಗಿದೆ ಕಣಮ್ಮ" ಅಂದರು.

ಹೊಸ ಕೊಂಬೆಯಲ್ಲಿ ಆಗಲೇ ಮೊಗ್ಗು ಹಿಡಿದಿದೆ, ಒಂದೂ ಉದುರಿಲ್ಲ. ತುದಿಯಲ್ಲಿ ಕೆಂಪು ಕಾಣುತ್ತಿದೆ. ನೋಡು, ನಿನ್ನ ಕಡ್ಡಿಯ ವ್ಯಾಪಾರ ಇಲ್ಲದೆಯೂ ಸವತಿ ಬದುಕಿಕೊಂಡಳು.

ಅತ್ತಿಗೆ

ಏಪ್ರಿಲ್ 17

ಅತ್ತಿಗೆ,

ಇದನ್ನು ಅಂಚೆಗೆ ಹಾಕುತ್ತಿಲ್ಲ, ನಿಮ್ಮ ಊರಿಗೆ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಿದ್ದೇನೆ. ಓದಿದ ಕೂಡಲೇ ಅವರ ಕೈಯಲ್ಲೇ ಉತ್ತರ ಕಳಿಸಿ.

ಕೆಂಪು ಅಂತ ಬರೆದಿದ್ದೀರಿ. ಮಂಕು ಕೆಂಪು ಅಲ್ಲ. ನೀವು ಉಳಿಸಿದ್ದು ಬುಡದ ಗಿಡವನ್ನು, ಯಾವ ಬೇಲಿಯ ಮೇಲೆ ಬೇಕಾದರೂ ಸಿಗುವ ಮಾಮೂಲಿ ದಾಸವಾಳವನ್ನು. ಕತ್ತರಿಸಿದ್ದು ಮಂಕನ್ನು. ಆ ಗಂಟೇ ಕಸಿ ಕಟ್ಟಿದ ಜಾಗ. ಜನವರಿಯ ಕಾಗದದ ಎರಡನೇ ಪುಟದಲ್ಲಿ ಇದೆಲ್ಲ ಇತ್ತು.

ನಿಮ್ಮ ಕಾಲು ಹಿಡಿಯುತ್ತೇನೆ ಅಂತ ಬರೆಯಬೇಕೋ, ನಿಮ್ಮ ಕೈ ಸೇದಿಹೋಗಲಿ ಅಂತ ಬರೆಯಬೇಕೋ ತಿಳಿಯುತ್ತಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ನೀವು. ಕತ್ತರಿಸಿದ ಕೊಂಬೆಗಳನ್ನು ಏನು ಮಾಡಿದಿರಿ? ಎಸೆದಿದ್ದರೆ ಕಸದಲ್ಲಿ ಹುಡುಕಿ. ಹಸಿರು ತೊಗಟೆಯಿರುವ ಒಂದು ಗೇಣು ಕಡ್ಡಿ ಸಿಕ್ಕರೂ ಸಾಕು. ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿ. ಇಲ್ಲದಿದ್ದರೆ ಅಣ್ಣನ ಹೂವು ಮುಗಿಯಿತು.

ನಾದಿನಿ

ಏಪ್ರಿಲ್ 18

ನಾದಿನಿಗೆ,

ಕಂಡಕ್ಟರ್ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾರೆ. ನಿಲ್ಲಲಿ.

ಕತ್ತರಿಸಿದ್ದನ್ನು ಎಸೆದಿಲ್ಲ. ತುಂಡು ಬಟ್ಟೆಯನ್ನೂ ಎಸೆಯದವಳು ನಾನು. ಒಂದರಲ್ಲಿ ಮೊಗ್ಗು ದಪ್ಪಗಿತ್ತು ಅಂತ ಎಲ್ಲವನ್ನೂ ಹೂಜಿಯ ನೀರಿಗೆ ಹಾಕಿ ಹೊಲಿಗೆ ಮಿಷನ್ನಿನ ಪಕ್ಕ ಇಟ್ಟಿದ್ದೆ. ನಿನ್ನೆ ಬೆಳಿಗ್ಗೆ ಅದು ಅರಳಿತ್ತು. ಇಷ್ಟು ವರ್ಷ ನನ್ನ ಬಾಲ್ಕನಿಯಲ್ಲೇ ಇದ್ದ ಗಿಡ, ಅದರ ಹೂವನ್ನು ನಾನು ಕಣ್ಣು ಬಿಟ್ಟು ನೋಡಿರಲಿಲ್ಲ. ಸಿಟ್ಟಿನಲ್ಲಿ ಅದಕ್ಕೆ ಬೆನ್ನು ಹಾಕಿಯೇ ಬಟ್ಟೆ ಒಣಗಿಸುತ್ತಿದ್ದೆ. ಬೂದು ಬಣ್ಣ, ಅದರೊಳಗೆ ನೀಲಿಯೂ ಇದೆ, ಅಂಚಿಗೆ ತೆಳ್ಳಗೆ ಕಿತ್ತಳೆ, ನಡುವೆ ಕಡುಗೆಂಪು. ದಾರದ ಡಬ್ಬಿ ತೆಗೆದು ಹೋಲಿಸಿದೆ. ನನ್ನ ಹತ್ತಿರ ಆ ಬೂದಿನ ದಾರವೇ ಇಲ್ಲ. ಸಂಜೆ ಮುದುಡುವವರೆಗೂ ಅದರ ಮುಂದೆ ಕೂತಿದ್ದೆ, ಹೊಲಿಗೆ ಮುಟ್ಟಲಿಲ್ಲ. ಅವರ ಮೇಲೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಇದನ್ನು ನನಗೆ ಕೈ ಹಿಡಿದು ಕರೆದು ಯಾಕೆ ತೋರಿಸಲಿಲ್ಲ?

ಎರಡನೇ ಪುಟ ನಾನು ಓದಿಲ್ಲ ಅಂತ ನಿನಗೆ ಬರೆದಿದ್ದೆ. ಅದು ಗೊತ್ತಿದ್ದೂ ನೀನು ಬಡಕಲು, ಬಲವಾದದ್ದು ಅಂತ ನಾಲ್ಕು ಅಕ್ಷರ ಗೀಚಿ ಕೈ ತೊಳೆದುಕೊಂಡೆ. ಕತ್ತರಿ ನನ್ನದು, ಮಾತು ನಿನ್ನದು.

ಆರು ಕಡ್ಡಿ ಕಳಿಸುತ್ತಿದ್ದೇನೆ. ಒದ್ದೆ ಬಟ್ಟೆಯ ಚೀಲ ಹೊಲಿದು ಒಂದೊಂದಕ್ಕೆ ಒಂದೊಂದು ಜೇಬು ಮಾಡಿದ್ದೇನೆ, ಒಂದಕ್ಕೊಂದು ತಾಗುವುದಿಲ್ಲ. ಷರತ್ತು ಕೇಳು. ಮೊದಲು ಹಿಡಿದ ಗಿಡ ನನ್ನದು, ಎರಡನೆಯದು ನಿನ್ನದು. ಒಂದೇ ಹಿಡಿದರೆ ಅದು ನನ್ನದು. ಒಪ್ಪಿಗೆಯಿಲ್ಲದಿದ್ದರೆ ಇದೇ ಕಂಡಕ್ಟರ್ ಕೈಯಲ್ಲಿ ವಾಪಸ್ ಕಳಿಸು.

ಅತ್ತಿಗೆ

ಜೂನ್ 3

ಪ್ರೀತಿಯ ಅತ್ತಿಗೆಗೆ ನಮಸ್ಕಾರಗಳು.

ತಾವು ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ತಾವು ಕಳಿಸಿದ ಕಡ್ಡಿಗಳನ್ನು ಕಸಿ ಕಟ್ಟಿದೆ. ದುರದೃಷ್ಟ, ಒಂದೂ ಹಿಡಿಯಲಿಲ್ಲ. ತಾವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಡೆದದ್ದರಲ್ಲಿ ಯಾರ ತಪ್ಪೂ ಇಲ್ಲ.

ತಮ್ಮ ನಾದಿನಿ

ಜೂನ್ 10

ನಾದಿನಿಗೆ,

ಸುಳ್ಳಿ.

ಆರೂ ಕಡ್ಡಿ ನಿಜವಾಗಿ ಸತ್ತಿದ್ದರೆ ನೀನು ನನಗೆ ನಾಲ್ಕು ಪುಟ ಬರೆಯುತ್ತಿದ್ದೆ. ನನ್ನ ಕೈಗೆ ಹುಳ ಬೀಳಲಿ ಅನ್ನುತ್ತಿದ್ದೆ. ಗಂಟು ಸವರಿದ್ದನ್ನು, ಕಾಗದ ಹರಿದದ್ದನ್ನು, ಸುದ್ದಿ ತಡ ಮಾಡಿದ್ದನ್ನು, ಒಂದೊಂದನ್ನೂ ಎಳೆದೆಳೆದು ಬೈಯುತ್ತಿದ್ದೆ. ನಾನು ಅದಕ್ಕೆ ತಯಾರಾಗಿ ಕೂತಿದ್ದೆ. ನಮಸ್ಕಾರಗಳು ಅಂತೆ, ಆರೋಗ್ಯ ಅಂತೆ, ಯಾರ ತಪ್ಪೂ ಇಲ್ಲವಂತೆ. ನಾನು ಈ ಮನೆಗೆ ಬಂದಾಗಿನಿಂದ ನೀನು ನನ್ನ ಯಾವ ತಪ್ಪನ್ನು ಬಿಟ್ಟಿದ್ದೀಯ? ಹಿಡಿದಿದೆ. ಒಂದು ಹಿಡಿದಿದೆ, ಒಂದೇ ಹಿಡಿದಿದೆ. ಎರಡು ಹಿಡಿದಿದ್ದರೆ ಒಂದನ್ನು ನನ್ನ ಮುಖಕ್ಕೆ ಎಸೆದು ಇನ್ನೊಂದನ್ನು ಇಟ್ಟುಕೊಳ್ಳುತ್ತಿದ್ದೆ.

ಒಂದಿದ್ದರೆ ನನ್ನದು ಅನ್ನುವುದು ಷರತ್ತು. ಕಳಿಸಿದರೆ ನಾನು ಅದನ್ನೂ ಕೊಲ್ಲುತ್ತೇನೆ ಅಂತ ನಿನಗೆ ಭಯ. ನನಗೂ ಅದೇ ಭಯ. ಈ ಕಾಗದ ಬರೆಯಲು ಕೂತಾಗ ಮೊದಲು ಸಿಟ್ಟು ಬರಲಿಲ್ಲ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸಿಟ್ಟು ಆಮೇಲೆ ಬಂತು. ಅದು ಇನ್ನೂ ಇದೆ.

ಗಿಡ ಕೇಳುವುದಿಲ್ಲ. ನಿನ್ನನ್ನು ಕ್ಷಮಿಸುವುದೂ ಇಲ್ಲ. ಅಲ್ಲೇ ಇರಲಿ, ಬದುಕಲಿ. ಇಲ್ಲಿ ಕೆಂಪು ದಾಸವಾಳ ದಿನಾ ಹತ್ತು ಹೂವು ಬಿಡುತ್ತಿದೆ, ಡ್ರೈವರ್‌ಗೆ ಖುಷಿಯೋ ಖುಷಿ.

ಒಂದೇ ಮಾತು ಕೇಳುತ್ತೇನೆ. ಅದು ಅರಳಿದ ದಿನ ನನಗೆ ಒಂದು ಕಾಗದ ಬರೆ. ಇಂಥ ನಯ ವಿನಯದ ಕಾಗದ ಬೇಡ, ನಂಬುವುದಿಲ್ಲ. ಬೈದು ಬರೆ. ಬೈದರೆ ನಂಬುತ್ತೇನೆ.

ಅತ್ತಿಗೆ

ನವೆಂಬರ್ 6

ಅತ್ತಿಗೆ,

ನಿಮ್ಮಂಥ ಮೊಂಡು ಹೆಂಗಸನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಕೈಗೆ ಕತ್ತರಿ ಸಿಕ್ಕರೆ ಸಾಕು, ಮುಂದಿರುವುದು ಬಟ್ಟೆಯೋ ಜೀವವೋ ನೋಡುವವರಲ್ಲ. ಅರ್ಧ ಕಾಗದ ಓದಿ ಇಡೀ ಜಗಳ ಆಡುವವರು. ಇನ್ನೊಬ್ಬರು ಸುಳ್ಳು ಹೇಳಿದರೆ ಮೂರು ಊರಿನಾಚೆಯಿಂದ ಮೂಸಿ ಹಿಡಿಯುತ್ತೀರಿ, ಕಣ್ಣೆದುರಿನ ಹೂವು ಮಾತ್ರ ವರ್ಷಗಟ್ಟಲೆ ಕಾಣುವುದಿಲ್ಲ. ಇಷ್ಟು ಜನ ಹೆಣ್ಣುಮಕ್ಕಳಿರುವ ಜಗತ್ತಿನಲ್ಲಿ ಅಣ್ಣ ನಿಮ್ಮನ್ನೇ ಯಾಕೆ ಆರಿಸಿಕೊಂಡನೋ ನನಗೆ ಇವತ್ತಿಗೂ ತಿಳಿದಿಲ್ಲ. ಬೆಳಿಗ್ಗೆ ನರ್ಸರಿಯ ಬಾಗಿಲು ತೆಗೆದಾಗಿನಿಂದ ಒಬ್ಬಳೇ ನಿಂತು ನಿಮ್ಮನ್ನು ಬೈಯುತ್ತಿದ್ದೇನೆ. ಯಜಮಾನರು ಬಂದರು, ನೋಡಿದರು, ಟೋಪಿ ತೆಗೆದು ಕುಂಡದ ಮುಂದೆ ಬಗ್ಗಿದರು.

ಇನ್ನೂ ಎರಡು ಬೈಗುಳ ಮೊಗ್ಗಿನಲ್ಲೇ ಬಾಕಿ ಇವೆ. ಒಂದು ಭಾನುವಾರಕ್ಕೆ ಆಗಬಹುದು, ಇನ್ನೊಂದು ಅದರ ಮುಂದಿನ ಬುಧವಾರಕ್ಕೆ. ಅವನ್ನು ಕಾಗದದಲ್ಲಿ ಬರೆಯುವುದಿಲ್ಲ. ಶನಿವಾರದ ಬಸ್ಸಿಗೆ ಬಂದು ಎದುರಿಗೆ ನಿಂತು ಕೇಳಿಸಿಕೊಳ್ಳಿ.

ನಿಮ್ಮ ನಾದಿನಿ